ಪುಟ ನಲವತ್ತೊಂದರ ಚೀಟಿ

ನಾನು ಮೊದಲಿನಿಂದಲೂ ಪುಕ್ಕಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನಿಂದ ಧೈರ್ಯದ ಕತೆ ನಿರೀಕ್ಷಿಸಬಾರದು. ದೋಹಾಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಈಗಲೂ ಸಿಗ್ನಲ್ಲಿನಲ್ಲಿ ಪೊಲೀಸ್ ಕಾರು ಪಕ್ಕಕ್ಕೆ ಬಂದು ನಿಂತರೆ ಬ್ಯಾಗಿನೊಳಗೆ ಕೈಹಾಕಿ ನನ್ನ ಐಡಿ ಕಾರ್ಡ್ ಇದೆಯೇ ಎಂದು ಮುಟ್ಟಿ ನೋಡುತ್ತೇನೆ. ಮ್ಯಾನೇಜರ್ ಒಳಗಿನಿಂದ ಹೆಸರು ಹಿಡಿದು ಕರೆದರೆ, ಹೋಗುವ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ.

ಹೆದರಲು ಕಾರಣವೂ ಇತ್ತು. ಎರಡು ವರ್ಷದ ಹಿಂದೆ ನನ್ನ ಗಂಡನ ಕಂಪನಿ ಅರ್ಧಕ್ಕರ್ಧ ಜನರನ್ನು ಕಳಿಸಿದಾಗ ಇವರ ಹೆಸರೂ ಆ ಪಟ್ಟಿಯಲ್ಲಿತ್ತು. ಅಂದಿನಿಂದ ಬಿನ್ ಮಹಮೂದ್ ಬಡಾವಣೆಯ ನಮ್ಮ ಎರಡು ಕೋಣೆಯ ಮನೆ, ಇವರ ವೀಸಾ, ಮಗಳ ವೀಸಾ, ಎಲ್ಲವೂ ನನ್ನ ಕೆಲಸದ ಮೇಲೆ ನಿಂತಿದ್ದವು. ಮಗಳು ಹನ್ನೆರಡನೆಯ ತರಗತಿ. ಫೆಬ್ರವರಿ, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅದು ಮುಗಿಯುವ ಮೊದಲು ನನ್ನ ಕೆಲಸ ಹೋದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು, ಅವಳ ಒಂದು ವರ್ಷ ಮಣ್ಣುಪಾಲು. ಆ ಚಳಿಗಾಲದಲ್ಲಿ ನಾನು ದಿನಕ್ಕೆ ಹತ್ತು ಸಲ ಇದೇ ಲೆಕ್ಕ ಹಾಕುತ್ತಿದ್ದೆ.

ಅದೇ ಚಳಿಗಾಲದಲ್ಲಿ ಅಮೇರಿಕದ ಒಬ್ಬ ರಾಜಕಾರಣಿಯ ಹಗರಣ ಟಿವಿ ತುಂಬ ಬರುತ್ತಿತ್ತು. ಹೊರದೇಶದವರಿಂದ ಉಡುಗೊರೆ ತಗೊಂಡು ಅವರಿಗೆ ಬೇಕಾದ ಹಾಗೆ ಕೆಲಸ ಮಾಡಿಕೊಟ್ಟ ಎಂದು ಆರೋಪ. ಕೊಟ್ಟವರು ಯಾರು ಎಂಬ ಮಾತಿನಲ್ಲಿ ಕೊಲ್ಲಿ ದೇಶಗಳ ಕಡೆಗೂ ಬೆರಳು ತಿರುಗುತ್ತಿತ್ತು. ನನ್ನ ಗಂಡನಿಗೆ ಕೆಲಸವಿಲ್ಲದ ಮೇಲೆ ಟಿವಿಯೇ ಆಫೀಸು. ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಅದರ ಮುಂದೆ ಕೂರುತ್ತಿದ್ದರು. ಸಂಜೆ ನಾನು ಬಂದ ಕೂಡಲೇ ಆ ದಿನದ ವಿಚಾರಣೆಯ ವರದಿ ಒಪ್ಪಿಸುತ್ತಿದ್ದರು. ಅಲ್ಲಿನ ಕೋರ್ಟಿನ ಬಗ್ಗೆ ಇವರಿಗೆ ಎಷ್ಟು ಅಭಿಮಾನವೆಂದರೆ ಕೇಳಿದವರು ಜಡ್ಜ್ ಇವರ ಸೋದರಮಾವ ಎಂದುಕೊಳ್ಳಬೇಕು.

ಶುಕ್ರವಾರ ಇಲ್ಲಿ ವಾರದ ರಜೆ, ಅಂದು ಪೂಜೆ ಮುಗಿದ ಮೇಲೆ ಚರ್ಚಿನ ಪಾರ್ಕಿಂಗಿನಲ್ಲಿ ನಮ್ಮ ಉಡುಪಿ, ಕುಂದಾಪುರ ಕಡೆಯ ಗಂಡಸರು ಕಾರಿನ ಬಾನೆಟ್ಟಿಗೆ ಒರಗಿ ನಿಂತು ಇದನ್ನೇ ಮಾತಾಡುತ್ತಿದ್ದರು. ಒಬ್ಬರು ಹೇಳಿದರು, "ಇಷ್ಟಕ್ಕೆ ಜೈಲಾ ಮಾರಾಯ್ರೆ? ನಮ್ಮ ತಾಲೂಕು ಆಫೀಸಿನವರನ್ನು ಅಲ್ಲಿಗೆ ಕಳಿಸಿದ್ರೆ ಜೈಲಲ್ಲಿ ಜಾಗ ಸಾಕಾಗ್ಲಿಕ್ಕಿಲ್ಲ." ಎಲ್ಲರೂ ನಕ್ಕರು. ಇನ್ನೊಬ್ಬರು, "ಆದ್ರೂ ಅವರದ್ದೇ ಮನುಷ್ಯನನ್ನು ಅವರೇ ಹಿಡಿದ್ರಲ್ಲ, ಅದು ಮೆಚ್ಚಬೇಕು," ಎಂದರು. ಕೊಟ್ಟವರ ವಿಷಯ ಬಂದಾಗ ಮಾತ್ರ ಎಲ್ಲರ ದನಿಯೂ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಯಾರೋ ಒಬ್ಬರು ಮೊಬೈಲನ್ನು ಕಾರಿನೊಳಗಿಟ್ಟು ಬಾಗಿಲು ಹಾಕಿ ಬಂದದ್ದನ್ನು ನಾನು ನೋಡಿದೆ. ಅದು ಕಂಡ ಮೇಲೆ ನಾನು ಗಂಡನ ತೋಳು ಜಗ್ಗಿ ಮನೆಗೆ ಕರೆದುಕೊಂಡು ಬಂದೆ.

ನಮ್ಮದು ದೊಡ್ಡ ಅಡುಗೆಮನೆಗಳಿಗೆ ಒಲೆ, ಫ್ರೀಜರ್, ಪಾತ್ರೆ ತೊಳೆಯುವ ಮೆಷಿನ್ ಒದಗಿಸುವ ಸಣ್ಣ ಕಂಪನಿ. ನಾನು ಅಲ್ಲಿ ಸೆಕ್ರೆಟರಿ ಎಂದು ಕಾಗದದಲ್ಲಿದೆ. ನಿಜದಲ್ಲಿ ಫೈಲ್, ಫೋನ್, ಚಹಾ ಪುಡಿ, ಎಲ್ಲವೂ ನನ್ನದೇ. ರಂಜಾನ್ ಹತ್ತಿರವಾದರೆ ಗಿರಾಕಿಗಳಿಗೆ ಉಡುಗೊರೆ ಪೆಟ್ಟಿಗೆ ಕಟ್ಟುವುದೂ ನನ್ನ ಕೆಲಸ. ಖರ್ಜೂರ, ಚಾಕಲೇಟ್, ಊದಿನ ಅತ್ತರು. ಕೆಲವಕ್ಕೆ ಹಸಿರು ರಿಬ್ಬನ್, ಕೆಲವಕ್ಕೆ ಬಂಗಾರದ ಬಣ್ಣದ್ದು. ಬಂಗಾರದ ರಿಬ್ಬನ್ನಿನ ಪೆಟ್ಟಿಗೆಯೊಳಗೆ ಖರ್ಜೂರದ ಅಡಿಯಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆಯನ್ನು ಮ್ಯಾನೇಜರ್ ತಾವೇ ಇಡುತ್ತಿದ್ದರು. ರಿಜಿಸ್ಟರಿನಲ್ಲಿ ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಖರ್ಜೂರ ಎಂದೇ ಬರೆಯುತ್ತಿದ್ದೆ. ಹಾಗೆ ಬರೆಯಲು ಅವರು ಹೇಳಿದ್ದರು, ನಾನು ಯಾಕೆ ಎಂದು ಕೇಳಿರಲಿಲ್ಲ.

ಪೆಟ್ಟಿಗೆಗಳನ್ನು ಮನೆಮನೆಗೆ, ಆಫೀಸಿಗೆ ಮುಟ್ಟಿಸುತ್ತಿದ್ದವರು ನಮ್ಮ ಡ್ರೈವರ್. ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಆರೇಳು ವರ್ಷ ದೊಡ್ಡವರು. ನಾನು ಅವರನ್ನು ಸಾಯ್ಬರೇ ಎನ್ನುತ್ತಿದ್ದೆ, ಊರಿನಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ನಲವತ್ತು ಜನರ ಆ ಕಂಪನಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದ್ದರಿಂದ ಯಾವ ಪೆಟ್ಟಿಗೆ ಯಾರಿಗೆ, ಎಲ್ಲಿಗೆ ಎಂದು ನಾನು ಕನ್ನಡದಲ್ಲಿ ಚೀಟಿ ಬರೆದುಕೊಡುತ್ತಿದ್ದೆ. ಹನ್ನೊಂದು ವರ್ಷದಿಂದ ನಡೆದುಬಂದ ಪದ್ಧತಿ. ರಿಜಿಸ್ಟರಿನಲ್ಲಿ ಖರ್ಜೂರ ಎಂದು ಬರೆದವಳೇ ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೆ, ಯಾಕೆಂದರೆ ತಪ್ಪು ಪೆಟ್ಟಿಗೆ ತಪ್ಪು ಮನೆಗೆ ಹೋದರೆ ಬೈಸಿಕೊಳ್ಳುವವಳು ನಾನು. ಪೆಟ್ಟಿಗೆ ಮುಟ್ಟಿಸಿದ ಮೇಲೆ ಸಾಯ್ಬರು ಆ ಚೀಟಿಯನ್ನು ಡೆಲಿವರಿ ನೋಟಿನ ಬೆನ್ನಿಗೆ ಪಿನ್ ಹೊಡೆದು ತಂದುಕೊಡುತ್ತಿದ್ದರು. ಒಂದು ಕಾಗದವನ್ನೂ ಕಳೆಯುವ ಮನುಷ್ಯ ಅಲ್ಲ.

ಹಗರಣದ ಮಾತು ಆಫೀಸಿನ ಚಹಾದ ಹೊತ್ತಿನಲ್ಲೂ ನಡೆಯುತ್ತಿತ್ತು. ಮ್ಯಾನೇಜರಿಗೆ ಆ ಇಡೀ ಪ್ರಕರಣವೇ ಅರ್ಥವಾಗುತ್ತಿರಲಿಲ್ಲ. ಒಬ್ಬರ ಮನೆಗೆ ಕೈಬೀಸಿಕೊಂಡು ಹೋಗುವುದು ಮರ್ಯಾದೆಯೇ ಎಂದು ಕೇಳುತ್ತಿದ್ದರು. ಅಕೌಂಟೆಂಟ್ ಅಮೇರಿಕದವರ ಬೂಟಾಟಿಕೆ ಎಂದು ಗೊಣಗುತ್ತಿದ್ದ. ಸಾಯ್ಬರು ಬಾಗಿಲ ಹತ್ತಿರ ನಿಂತು ಚಹಾ ಹೀರುತ್ತ ನನಗೆ ಮಾತ್ರ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದರು. "ಕೊಟ್ಟದ್ದು ಯಾರು, ತಗೊಂಡದ್ದು ಯಾರು ಅಂತ ಟಿವಿಯಲ್ಲಿ ಹೇಳ್ತಾರೆ ಬಾಯಮ್ಮ. ಹೊತ್ಕೊಂಡು ಹೋದವ ಯಾರು ಅಂತ ಒಬ್ರೂ ಹೇಳುದಿಲ್ಲ. ಆ ಡ್ರೈವರ್ ಈಗ ಎಲ್ಲಿದ್ದಾನೋ ಎಂತದೋ." ನಾನು ನಕ್ಕೆ. ಅಷ್ಟು ಜನರ ನಡುವೆ ಕನ್ನಡ ನಮ್ಮಿಬ್ಬರದೇ ಬಾಗಿಲು ಹಾಕಿದ ಕೋಣೆಯ ಹಾಗೆ ನನಗೆ ಅನಿಸುತ್ತಿತ್ತು.

ಜನವರಿ ಕೊನೆಯಲ್ಲಿ ಪತ್ರ ಬಂತು. ನಮ್ಮ ಅತಿ ದೊಡ್ಡ ಗಿರಾಕಿ ಒಂದು ಅಮೇರಿಕನ್ ಕಂಪನಿ. ಕೆಲಸದ ಸೈಟುಗಳಲ್ಲಿ ಕ್ಯಾಂಟೀನ್ ನಡೆಸುವವರು. ಹಗರಣದ ಸುದ್ದಿ ಕೇಳಿ ಅವರ ಹೆಡ್ ಆಫೀಸಿಗೆ ಚಳಿ ಹಿಡಿದಿತ್ತು. ಸಾಮಾನು ಕೊಡುವ ಎಲ್ಲ ಕಂಪನಿಗಳೂ ಆ ಅಮೇರಿಕನ್ ಕಂಪನಿಯ ನೌಕರರಿಗೆ ಯಾವ ಯಾವ ಉಡುಗೊರೆ ಕೊಟ್ಟಿವೆ ಎಂದು ತಿಳಿಸಬೇಕು, ಕಾಗದಪತ್ರ ಕಳಿಸಬೇಕು, ಲೆಕ್ಕ ತಪ್ಪಿದರೆ ಗುತ್ತಿಗೆ ರದ್ದು. ಮ್ಯಾನೇಜರ್ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, "ರಿಜಿಸ್ಟರ್ ಬರೆದವಳು ನೀನು, ಸಹಿಯೂ ನಿನ್ನದೇ ಇರಲಿ. ಯಲ್ಲಾ, ಬೇಗ," ಎಂದರು. ಖರ್ಜೂರ ಮಾತ್ರ ಎಂದು ಬರೆದು ನಾನು ಸಹಿ ಹಾಕಿದೆ.

ಡೆಲಿವರಿ ನೋಟುಗಳನ್ನು ಸ್ಕ್ಯಾನ್ ಮಾಡಿದ ದಿನ ಮಗಳ ಮೊದಲ ಪರೀಕ್ಷೆ. ಬೆಳಿಗ್ಗೆ ಅವಳಿಗೆ ವಾಂತಿಯಾಗಿತ್ತು, ನನ್ನ ಮನಸ್ಸು ಅಲ್ಲೇ ಇತ್ತು. ಪಿನ್ನು ಕಿತ್ತು, ಬೆನ್ನಿಗಿದ್ದ ಚೀಟಿಗಳನ್ನು ಬೇರೆ ತೆಗೆದಿಟ್ಟು, ಕಟ್ಟುಗಟ್ಟಲೆ ಕಾಗದವನ್ನು ಮೆಷಿನ್ನಿಗೆ ಕೊಡುತ್ತ ಹೋದೆ. ಪರದೆಯ ಮೇಲೆ ಪುಟಗಳು ಓಡುವಾಗ ನಡುವೆ ಕೈತಪ್ಪಿ ಉಳಿದಿದ್ದ ಒಂದು ಕನ್ನಡ ಚೀಟಿ ಹಾದುಹೋಯಿತು. ನಾನು ಅದನ್ನು ನೋಡಿದೆ. ಗೊತ್ತಾಗಲಿಲ್ಲ ಎಂದು ಹೇಳಲಾರೆ. ತೆಗೆಯಬೇಕಾದರೆ ಇಡೀ ಕಟ್ಟನ್ನು ಮತ್ತೆ ಹಾಕಬೇಕಿತ್ತು. ಅಮೇರಿಕದಲ್ಲಿ ಕೂತು ಕನ್ನಡ ಓದುವವರು ಯಾರು ಎಂದುಕೊಂಡು ಕಳಿಸುವ ಗುಂಡಿ ಒತ್ತಿದೆ. ಇಷ್ಟು ವರ್ಷ ಈ ಊರಿನಲ್ಲಿ ನಮ್ಮ ಭಾಷೆ ಯಾರಿಗೂ ಕಾಣದ್ದು ಎಂದೇ ಬದುಕಿದವಳಿಗೆ ಬೇರೆ ಯೋಚನೆ ಬರಲಿಲ್ಲ.

ಅವರ ಲೆಕ್ಕ ತಪಾಸಣೆ ನಡೆಯುವುದು ಬೆಂಗಳೂರಿನಲ್ಲಿ ಎಂದು ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ.

ವಿಡಿಯೊ ಕರೆಯಲ್ಲಿ ಒಬ್ಬ ಹುಡುಗಿ. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಹಿಂದೆ ಗಾಜಿನ ಗೋಡೆ, ಕೈಯಲ್ಲಿ ಕಾಫಿ ಕಪ್ಪು. ಮೊದಲು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಅವಳು ನಕ್ಕು, "ಮೇಡಂ, ನೀವು ಕನ್ನಡದವ್ರಾ?" ಎಂದಳು. ಇನ್ನೊಂದು ದಿನವಾಗಿದ್ದರೆ ಊರಿನ ಹುಡುಗಿ ಸಿಕ್ಕಳೆಂದು ಕುಣಿಯುತ್ತಿದ್ದೆ. ಆ ಹೊತ್ತು ಹೌದು ಎಂದಷ್ಟೇ ಹೇಳಿದೆ.

"ಪೇಜ್ ನಲವತ್ತೊಂದು ನೋಡಿ ಮೇಡಂ. ಒಂದು ಚೀಟಿ ಇದ್ಯಲ್ಲ. 'ವಾಚಿನ ಪೆಟ್ಟಿಗೆ. ಬಂಗಾರದ ರಿಬ್ಬನ್. ಆಫೀಸಿಗೆ ಬೇಡ, ಮನೆಗೆ. ಅವರ ಕೈಗೇ ಕೊಡುವುದು.' ರಿಜಿಸ್ಟರಲ್ಲಿ ಅದೇ ದಿನ, ಅದೇ ಹೆಸರಿಗೆ ಖರ್ಜೂರ ಅಂತಿದೆ."

ನಾನು ಪರದೆಯನ್ನು ನೋಡಿದೆ. ನನ್ನ ಅಕ್ಷರ, ಸ್ವಲ್ಪ ಬಲಕ್ಕೆ ವಾಲಿದ್ದು, ಶಾಲೆಯಲ್ಲಿ ಸಿಸ್ಟರ್ ಕೈಗೆ ಹೊಡೆದು ತಿದ್ದಿಸಿದ್ದು. ಕನ್ನಡದಲ್ಲಿ ಓದಿ ಹೇಳಿದಾಗ ಅದು ಅಷ್ಟು ಸ್ಪಷ್ಟವಾದ ತಪ್ಪು ಎಂದು ನನಗೆ ಮೊದಲ ಸಲ ಕಂಡಿತು.

"ಇದು ಯಾರ ಹ್ಯಾಂಡ್‌ರೈಟಿಂಗ್ ಮೇಡಂ?"

ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಕೇಳಬೇಕಾದ್ದನ್ನು ಕೇಳುತ್ತಿದ್ದಳು ಅಷ್ಟೆ. ನನಗೆ ಮಾತ್ರ ಮಗಳ ಹಾಲ್ ಟಿಕೆಟ್ ಕಣ್ಣಿಗೆ ಬಂತು. ಇನ್ನೂ ನಾಲ್ಕು ಪರೀಕ್ಷೆ ಬಾಕಿ.

"ಡ್ರೈವರದ್ದು," ಎಂದೆ.

ಒಂದೇ ಶಬ್ದ. ಅವಳು ಏನೋ ಟೈಪ್ ಮಾಡಿಕೊಂಡು, ಥ್ಯಾಂಕ್ಸ್ ಮೇಡಂ ಎಂದು ಕರೆ ಮುಗಿಸಿದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು, ಕಮೋಡಿನ ಮುಚ್ಚಳದ ಮೇಲೆ ಕೂತೆ.

ಆಮೇಲೆ ಆರು ದಿನ ಹಾಗೆಯೇ ಕಳೆಯಿತು. ಸಾಯ್ಬರು ಆಫೀಸಿಗೆ ಬರುತ್ತಿರಲಿಲ್ಲ, ದೂರದ ಅಲ್ ಶಮಾಲಿನ ಒಂದು ಸೈಟಿಗೆ ಸಾಮಾನು ಸಾಗಿಸಲು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಅವರಿಗೆ ಫೋನ್ ಮಾಡಿ ಹೇಳಬೇಕು ಎಂದು ಎಷ್ಟೋ ಸಲ ಮೊಬೈಲ್ ಕೈಗೆತ್ತಿಕೊಂಡೆ. ಎಂತ ಹೇಳುವುದು? ನಾನು ಹೆದರಿ ನಿಮ್ಮ ಹೆಸರು ಹೇಳಿದೆ ಎಂದೇ? ಹೇಳಿದರೆ ಅವರು ಮ್ಯಾನೇಜರಿನ ಎದುರು ನಿಜ ಹೇಳಿಯಾರು ಎಂಬ ಹೆದರಿಕೆ, ಹೇಳದಿದ್ದರೆ ದೇವರು ನೋಡುತ್ತಾನೆ ಎಂಬ ಹೆದರಿಕೆ. ಎರಡರಲ್ಲಿ ಮೊದಲನೆಯದೇ ದೊಡ್ಡದಾಯಿತು. ಪ್ರತಿ ಸಲವೂ ಇವತ್ತು ಬೇಡ, ಮಗಳ ಈ ಒಂದು ಪರೀಕ್ಷೆ ಮುಗಿಯಲಿ ಎಂದು ಮೊಬೈಲ್ ಕೆಳಗಿಟ್ಟೆ.

ಗಂಡನಿಗೂ ಪೂರ್ತಿ ಹೇಳಲಿಲ್ಲ. ಒಂದು ಸಂಜೆ ಅವರ ಪಕ್ಕ ಕೂತು ನಾನೂ ಟಿವಿ ನೋಡಿದೆ. ಆ ರಾಜಕಾರಣಿ ಕೋರ್ಟಿನ ಮೆಟ್ಟಿಲು ಇಳಿದು ಬರುತ್ತಿದ್ದ. ಅಲ್ಲಿಯವರೆಗೆ ಅವನು ನನಗೆ ಬರೀ ಸುದ್ದಿ. ಆವತ್ತು ಅವನ ಮುಖದಲ್ಲಿ ಹೆದರಿಕೆ ಇದೆಯೇ ಎಂದು ಹುಡುಕುತ್ತಿದ್ದೆ. ಟೈ ನೇರವಾಗಿತ್ತು, ಮುಖದಲ್ಲಿ ಏನೂ ಕಾಣಲಿಲ್ಲ. ಅವನ ವಕೀಲ ಮೈಕಿನ ಮುಂದೆ, ತನ್ನ ಕಕ್ಷಿದಾರನಿಗೆ ಏನೂ ತಿಳಿದಿರಲಿಲ್ಲ, ಎಲ್ಲ ಕೆಳಗಿನವರು ಮಾಡಿದ್ದು ಎಂದ.

"ನೋಡು ಕಳ್ಳನನ್ನು," ಎಂದರು ನನ್ನ ಗಂಡ. "ಸಿಕ್ಕಿಬಿದ್ದ ಮೇಲೆ ಬಡವರ ತಲೆಗೆ ಕಟ್ಟುವುದು. ಇವನಿಗೆ ನಾಚಿಕೆ ಅಂತ ಉಂಟಾ?"

ನಾನು ಅಕ್ಕಿ ತೊಳೆಯಬೇಕು ಎಂದು ಎದ್ದು ಹೋದೆ. ಅಕ್ಕಿ ಆಗಲೇ ಒಲೆಯ ಮೇಲಿತ್ತು.

ಏಳನೆಯ ದಿನ ಬೆಳಿಗ್ಗೆ ಮ್ಯಾನೇಜರ್ ಸಾಯ್ಬರನ್ನು ಒಳಗೆ ಕರೆಸಿದರು. ಬಾಗಿಲು ಹಾಕಿತ್ತು. ಸ್ವಲ್ಪ ಹೊತ್ತಿನ ಮೇಲೆ ಮ್ಯಾನೇಜರ್ ಹೊರಗೆ ಬಂದು ನನ್ನ ಮೇಜಿನಿಂದ ಒಂದು ಬಿಳಿ ಹಾಳೆ, ಒಂದು ಪೆನ್ನು ತಗೊಂಡು ಹೋದರು. ಬೆಂಗಳೂರಿನವರು ಚೀಟಿಯಲ್ಲಿದ್ದದ್ದನ್ನೇ ಫೋನಿನಲ್ಲಿ ಹೇಳಿ ಡ್ರೈವರ್ ಕೈಯಲ್ಲಿ ಬರೆಸುತ್ತಾರಂತೆ, ಹಾಳೆ ತರಿಸಿಕೊಂಡು ಅಕ್ಷರ ಹೋಲಿಸಿ ನೋಡಲು. ಸಾಯ್ಬರು ಐದನೆಯ ತರಗತಿಗೆ ಶಾಲೆ ಬಿಟ್ಟವರು. ಓದುತ್ತಿದ್ದರು, ಆದರೆ ಅವರು ಒಂದು ಸಾಲು ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಹಾಳೆ ಬೆಂಗಳೂರಿಗೆ ಹೋದ ಕೂಡಲೇ ಎಲ್ಲ ಮುಗಿಯಿತು ಎಂದುಕೊಂಡೆ. ಡ್ರಾಯರಿನಲ್ಲಿದ್ದ ನನ್ನ ಸಣ್ಣಪುಟ್ಟ ಸಾಮಾನು, ಒಂದು ಜಪಮಣಿ, ತಲೆನೋವಿನ ಮಾತ್ರೆ, ಮಗಳ ಹಳೆಯ ಫೋಟೊ, ಒಂದೊಂದೇ ಬ್ಯಾಗಿಗೆ ಹಾಕಲು ಶುರುಮಾಡಿದ್ದೆ.

ಸಾಯ್ಬರು ಹೊರಗೆ ಬಂದರು. ನನ್ನ ಮೇಜಿನ ಮುಂದೆಯೇ ಹಾದು ಹೋದರು. ನಾನು ಮುಖ ಎತ್ತಲಿಲ್ಲ, ಅವರ ಚಪ್ಪಲಿ ಮಾತ್ರ ಕಂಡಿತು. ಆ ಚಪ್ಪಲಿ ಒಂದು ಕ್ಷಣ ನಿಂತು ಮುಂದೆ ಹೋಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರಿನಿಂದ ಉತ್ತರ ಬಂತು. ಅಕ್ಷರ ಹೊಂದುತ್ತದೆ. ಡ್ರೈವರ್ ಮತ್ತು ವಾಚು ಪಡೆದ ಅಮೇರಿಕನ್ ಅಧಿಕಾರಿಯ ನಡುವಿನ ಖಾಸಗಿ ವ್ಯವಹಾರ ಎಂದು ತೀರ್ಮಾನ, ಆ ಅಧಿಕಾರಿ ಹೇಗೂ ಹಿಂದಿನ ವರ್ಷವೇ ಕೆಲಸ ಬಿಟ್ಟು ಹೋಗಿದ್ದ. ನಮ್ಮ ಗುತ್ತಿಗೆ ಮುಂದುವರಿಯುತ್ತದೆ. ಡ್ರೈವರನ್ನು ತೆಗೆದ ಬಗ್ಗೆ ಒಂದು ಪತ್ರ ಸಾಕು. ಮ್ಯಾನೇಜರ್ ಎರಡೂ ಕೈ ಝಾಡಿಸಿ, "ಖಲಾಸ್," ಎಂದರು. ಆ ಪತ್ರವನ್ನು ಟೈಪ್ ಮಾಡಿದವಳೂ ನಾನೇ. ಸುಳ್ಳು ಹೇಳಬಾರದು, ಟೈಪ್ ಮಾಡುವಾಗ ನನಗೆ ಹಸಿವಾಗುತ್ತಿತ್ತು. ಏಳು ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಉಂಡದ್ದಕ್ಕೆ ಈಗ ಹೇಸಿಗೆಯಾಗುತ್ತದೆ.

ಅವರ ವಿಮಾನ ಹತ್ತು ದಿನದ ಮೇಲೆ ಒಂದು ಶನಿವಾರ ಮಧ್ಯಾಹ್ನ ಇತ್ತು. ಇಷ್ಟು ವರ್ಷ ಎಲ್ಲರನ್ನೂ ಏರ್‌ಪೋರ್ಟಿಗೆ ಬಿಟ್ಟು ಬಂದವರನ್ನು ಬಿಡಲು ಕಂಪನಿಯಿಂದ ಗಾಡಿ ಬರಲಿಲ್ಲ. ನಾವು ಬರುತ್ತೇವೆ ಎಂದು ನಾನು ಮೆಸೇಜ್ ಹಾಕಿದೆ, ಕರೆ ಮಾಡುವ ಧೈರ್ಯವಿರಲಿಲ್ಲ. ಆಯ್ತು ಎಂದು ಉತ್ತರ ಬಂತು. ದೋಹಾ ಅಲ್ ಜದೀದಾದ ಅವರ ರೂಮಿನ ಕೆಳಗೆ ಗಂಡ ಕಾರು ನಿಲ್ಲಿಸಿದರು. ಎರಡು ಪೆಟ್ಟಿಗೆ, ಹಗ್ಗ ಬಿಗಿದ ಒಂದು ಕಂಬಳಿ. ದಾರಿಯುದ್ದಕ್ಕೂ ಅವರಿಬ್ಬರೂ ಊರಿನ ಸೆಕೆಯ ಬಗ್ಗೆ ಮಾತಾಡಿದರು. ನಾನು ಹಿಂದಿನ ಸೀಟಿನಲ್ಲಿ ಅವರ ಕತ್ತಿನ ಹಿಂಭಾಗ ನೋಡುತ್ತ ಕೂತಿದ್ದೆ.

ಗಂಡ ಪಾರ್ಕಿಂಗ್ ಹುಡುಕಲು ಹೋದಾಗ ನಾವಿಬ್ಬರೇ ಟ್ರಾಲಿಯ ಹತ್ತಿರ ಉಳಿದೆವು. ಅವರೇ ಮೊದಲು ಮಾತಾಡಿದರು.

"ಮಗಳ ಪರೀಕ್ಷೆ ಮುಗೀತಾ ಬಾಯಮ್ಮ?"

"ಒಂದು ಉಂಟು. ಮಂಗಳವಾರ."

"ಒಳ್ಳೇದಾಗ್ಲಿ."

ನಾನು ಕೇಳಿದೆ. "ಸಾಯ್ಬರೇ, ಅಕ್ಷರ ಹೇಗೆ ಹೊಂದಿತು?"

ಅವರು ಟ್ರಾಲಿಯ ಮೇಲಿದ್ದ ಕಂಬಳಿಯ ಹಗ್ಗ ಬಿಗಿಮಾಡುತ್ತ ಹೇಳಿದರು. "ಹನ್ನೊಂದು ವರ್ಷ ನಿಮ್ಮ ಅಕ್ಷರವನ್ನೇ ಓದಿದ್ದು. ಶಾಲೆಯದ್ದು ಯಾವಾಗಲೋ ಮರ್ತು ಹೋಗಿದೆ. ಬರೀಲಿಕ್ಕೆ ಕೂತ್ರೆ ನಿಮ್ಮ ಹಾಗೆಯೇ ಬರುದು. ಮನೆಗೆ ಕಾಗದ ಬರೆದ್ರೂ ಹಾಗೆಯೇ."

"ನಾನು..." ಎಂದೆ. ಕಣ್ಣೊರೆಸಿಕೊಂಡೆ.

"ಅಳ್ಬೇಡಿ ಬಾಯಮ್ಮ, ಜನ ನೋಡ್ತಾರೆ. ನಿಮ್ಗೆ ಹೆಣ್ಣು ಮಗು ಉಂಟು, ನಿಮ್ಮ ಯಜಮಾನ್ರಿಗೆ ಕೆಲಸ ಇಲ್ಲ. ನಂದು ಹೇಗೂ ಆಗ್ತದೆ." ಅವರು ನನ್ನ ಮುಖ ನೋಡಿದರು, ಕೋಪದಿಂದಲ್ಲ. "ಆದ್ರೆ ಆರು ದಿನ ಇತ್ತಲ್ಲ. ಒಂದು ಫೋನ್ ಮಾಡಿ, ಸಾಯ್ಬರೇ ಹೀಗಾಗಿದೆ, ನಿಮ್ಮ ಹೆಸರು ಹೇಳಿದೆ ಅಂದಿದ್ರೆ ನಾನು ಇಲ್ಲ ಅಂತಿದ್ನಾ? ಆ ಮ್ಯಾನೇಜರ್ ಬಾಯಿಂದ ಕೇಳ್ಬೇಕಾಯ್ತು."

ಗಂಡ ಬಂದರು. ಕೈಕುಲುಕಿದರು. ಸಾಯ್ಬರು ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು.

ಮಗಳು ಪಾಸಾಗಿದ್ದಾಳೆ, ಒಳ್ಳೆಯ ಅಂಕ. ಗುತ್ತಿಗೆ ಇದೆ, ಕೆಲಸ ಇದೆ, ಗಂಡನಿಗೂ ಒಂದು ಸಣ್ಣ ಕೆಲಸ ಸಿಕ್ಕಿದೆ. ಹೆದರಲು ಈಗ ಯಾವ ನೆಪವೂ ಉಳಿದಿಲ್ಲ. ಸಾಯ್ಬರ ಊರಿನ ನಂಬರ್ ನನ್ನ ಫೋನಿನಲ್ಲಿದೆ. ಅವರು ಕೇಳಿದ್ದಕ್ಕೆ ಉತ್ತರ ಹೇಳಬೇಕು ಎಂದು ಎಷ್ಟೋ ಸಲ ಅದನ್ನು ತೆರೆದಿದ್ದೇನೆ. ಇವತ್ತಿನವರೆಗೆ ಕರೆ ಮಾಡಿಲ್ಲ.